ಪ್ಲಗ್ ಹಾಕೋ ಮುಂಚೆ ಒಂದ್ಸಲ ಮುಚ್ಚಳ ತೆಗೆದು ನೋಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ, ಮನೇಲಿ ಬಿದ್ದಿರೋ ಹಳೇ ಎಲೆಕ್ಟ್ರಾನಿಕ್ ಸಾಮಾನನ್ನ ಏನು ಮಾಡೋದು ಅಂತ ಒಂದು ಬರಹ ಬಂದಿತ್ತು. ಒಳ್ಳೇ ಉದ್ದೇಶದಿಂದಲೇ ಬರೆದಿದ್ದಾರೆ, ಫೋನು ಟೀವಿ ಬಗ್ಗೆ ಹೇಳಿರೋದೆಲ್ಲ ಸರಿಯಾಗೇ ಇದೆ. ಆದ್ರೆ ಹಳೇ ಡೆಸ್ಕ್‌ಟಾಪ್ ಬಗ್ಗೆ ಇದ್ದ ಒಂದು ಮಾತು ಓದಿ ಎದೆ ಧಸಕ್ ಅಂತು. ಒಂದ್ಸಲ ಪ್ಲಗ್ ಹಾಕಿ ನೋಡಿ, ಆನ್ ಆದ್ರೆ ಯಾರಿಗಾದ್ರೂ ಕೊಡಿ, ಆಗದಿದ್ರೆ ಗುಜರಿಗೆ ಹಾಕಿ ಅಂತ ಇತ್ತು. ಇದನ್ನ ಓದಿ ಎಷ್ಟು ಜನ ಅಟ್ಟದಿಂದ ಹಳೇ ಸಿಪಿಯು ಇಳಿಸಿ ನೇರ ಕರೆಂಟು ಕೊಟ್ಟಿರ್ತಾರೋ ಅಂತ ಯೋಚನೆ ಆಗಿ ಈ ಪತ್ರ ಬರೀತಾ ಇದೀನಿ. ಸ್ವಲ್ಪ ಉದ್ದ ಆಗತ್ತೆ, ಆದ್ರೂ ಜಾಗ ಮಾಡಿಕೊಡಿ.

ನಾನು ಹೇಳಬೇಕಾಗಿರೋದು ಒಂದೇ ಮಾತು. ಇಪ್ಪತ್ತು ಮೂವತ್ತು ವರ್ಷ ಸುಮ್ನೆ ಕೂತಿದ್ದ ಕಂಪ್ಯೂಟರಿಗೆ ಕರೆಂಟು ಕೊಡೋದು ಕೊನೇ ಕೆಲಸ ಆಗಬೇಕು. ಮೊದಲು ಕ್ಯಾಬಿನೆಟ್ ಸ್ಕ್ರೂ ಬಿಚ್ಚಿ ಒಳಗೆ ನೋಡಬೇಕು. ಹದಿನೈದು ವರ್ಷದಿಂದ ಕೆಲಸ ಮುಗಿಸಿ ಬಂದು ಸಂಜೆ ಹೊತ್ತು ಇಂಥ ಮೆಶೀನುಗಳನ್ನ ರಿಪೇರಿ ಮಾಡ್ತಾ ಬಂದಿದೀನಿ, 1981ರಲ್ಲಿ ಬಂದ ಐಬಿಎಂ ಪಿಸಿ ಥರದವುಗಳಿಂದ ಹಿಡಿದು ವಿಂಡೋಸ್ 98 ಕಾಲದ ಪೆಂಟಿಯಂ ತನಕ. ನನ್ನ ಕೈಗೆ ಬಂದವುಗಳಲ್ಲಿ ವಯಸ್ಸಾಗಿ ತಾವಾಗೇ ಸತ್ತವು ಕಮ್ಮಿ. ಬ್ಯಾಟರಿ ಸೋರಿ ಸತ್ತವು ಜಾಸ್ತಿ, ಮೊದಲನೇ ಸಲ ಪ್ಲಗ್ ಹಾಕಿದಾಗ ಸತ್ತವು ಅದಕ್ಕಿಂತ ಸ್ವಲ್ಪ ಕಮ್ಮಿ. ಈ ಎರಡನ್ನೂ ತಪ್ಪಿಸಬಹುದಿತ್ತು, ಅದೇ ಹೊಟ್ಟೆ ಉರಿಸೋ ವಿಷಯ.

ಬ್ಯಾಟರಿ ವಿಷಯ ಮೊದಲು ಹೇಳ್ತೀನಿ. 286, 386, 486 ಅನ್ನೋ ಹಳೇ ಪ್ರೊಸೆಸರುಗಳ ಕಾಲದ ತುಂಬಾ ಮದರ್‌ಬೋರ್ಡುಗಳಲ್ಲಿ ಕೀಬೋರ್ಡ್ ಸಾಕೆಟ್ ಹತ್ರ ಬೆರಳಿನ ತುದಿಯಷ್ಟು ದಪ್ಪದ, ಹೆಚ್ಚಾಗಿ ನೀಲಿ ಬಣ್ಣದ, ಪೀಪಾಯಿ ಆಕಾರದ ಒಂದು ಬ್ಯಾಟರಿ ಇರತ್ತೆ, 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ. ಕಂಪ್ಯೂಟರ್ ಆಫ್ ಆದಾಗ ಗಡಿಯಾರ ಓಡಿಸೋದು, ಬಯಾಸ್, ಅಂದ್ರೆ ಕಂಪ್ಯೂಟರ್ ಎಬ್ಬಿಸೋ ಮೊದಲ ಪ್ರೋಗ್ರಾಂ, ಅದರ ಸೆಟ್ಟಿಂಗು ನೆನಪಿಟ್ಕೊಳ್ಳೋದು ಇದರ ಕೆಲಸ. ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ವರ್ಷ ಕಳೆದ ಹಾಗೆ ಇದು ಸೋರತ್ತೆ, ಸೋರೋದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದ್ರೆ ಕ್ಷಾರ. ಸೋರಿದ್ದು ಒಂದೇ ಕಡೆ ನಿಲ್ಲಲ್ಲ, ತಾಮ್ರದ ಗೆರೆಗಳನ್ನ ಹಿಡ್ಕೊಂಡು ಹಸಿರು ಬಣ್ಣದ ಲೇಪನದ ಅಡೀಲೇ ಹರೀತಾ ಹೋಗತ್ತೆ, ಗೆದ್ದಲು ಮರದ ಒಳಗೇ ತಿಂದ್ಕೊಂಡು ಹೋಗತ್ತಲ್ಲ ಹಾಗೆ, ಮೇಲಿಂದ ನೋಡಿದ್ರೆ ಸ್ವಲ್ಪ ಕಿಲುಬು ಹಿಡಿದಿರೋ ಹಾಗೆ ಕಾಣತ್ತೆ ಅಷ್ಟೇ. ಕಂಪ್ಯೂಟರ್ ಬಳಸದೆ ಇಟ್ಟಿದ್ರೂ ಇದು ನಡೀತಾನೇ ಇರತ್ತೆ. ಈ ಪತ್ರ ನೀವು ಓದ್ತಿರೋ ಹೊತ್ತಿಗೂ ಯಾವುದೋ ಮನೇಲಿ ಪ್ಲಾಸ್ಟಿಕ್ ಹೊದಿಸಿ ಜೋಪಾನವಾಗಿ ಇಟ್ಟಿರೋ ಕಂಪ್ಯೂಟರಿನ ಒಳಗೆ ನಡೀತಾ ಇರತ್ತೆ. ಹಳೇ ಮ್ಯಾಕಿಂಟಾಷ್ ಇಟ್ಕೊಂಡಿರೋರಿಗೂ ಇದೇ ಮಾತು. ಅದರಲ್ಲಿ ಅರ್ಧ ಪೆನ್ಸಿಲ್ ಸೆಲ್ಲಿನಷ್ಟು ಉದ್ದದ 3.6 ವೋಲ್ಟ್ ಲಿಥಿಯಂ ಸೆಲ್ ಇರತ್ತೆ, ಅದು ಒಡೆದ್ರೆ ಬೋರ್ಡ್ ಜೊತೆ ಒಳಗಿನ ಕಬ್ಬಿಣದ ಫ್ರೇಮೂ ತುಕ್ಕು ಹಿಡಿದು ಹೋಗತ್ತೆ. ಆದ್ರೆ ಅದು ಹೆಚ್ಚಾಗಿ ಹೋಲ್ಡರಿನಲ್ಲಿ ಇರೋದ್ರಿಂದ ಕೈಯಲ್ಲೇ ಎತ್ತಿ ತೆಗೀಬಹುದು, ಒಂದು ನಿಮಿಷದ ಕೆಲಸ.

ಇನ್ನು ಕರೆಂಟು ಕೊಟ್ಟ ಕೂಡ್ಲೇ ಏನಾಗತ್ತೆ ಅನ್ನೋದು. ಹಳೇ ಎಸ್‌ಎಂಪಿಎಸ್, ಅಂದ್ರೆ ಮೆಶೀನಿಗೆ ಕರೆಂಟು ಹಂಚೋ ಪವರ್ ಸಪ್ಲೈ ಡಬ್ಬಿ, ಅದರ ಒಳಗೆ ಕರೆಂಟು ಬರೋ ಬಾಯಲ್ಲೇ ಫಿಲ್ಟರ್ ಕೆಪ್ಯಾಸಿಟರ್ (ಕರೆಂಟು ಸ್ವಲ್ಪ ಹೊತ್ತು ಹಿಡಿದಿಡೋ ಪುಟ್ಟ ಪಾರ್ಟು) ಇರತ್ತೆ. 80ರ ದಶಕದ ಎಷ್ಟೋ ಸಪ್ಲೈಗಳಲ್ಲಿ ಇದು ಕಾಗದದ ಪದರ ಸುತ್ತಿ ಹಳದಿ ಗಾಜಿನ ಥರದ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿರೋ ಜಾತಿದು. ಆ ಪ್ಲಾಸ್ಟಿಕ್ ವಯಸ್ಸಾದ ಹಾಗೆ ಕೂದಲೆಳೆ ಥರ ಬಿರುಕು ಬಿಡತ್ತೆ, ಬಿರುಕಿನಿಂದ ಗಾಳಿಯ ತೇವ ಒಳಗೆ ಹೋಗತ್ತೆ, ಕಾಗದ ಅದನ್ನ ಹೀರ್ಕೊಂಡು ಕೂತಿರತ್ತೆ. ಸ್ವಿಚ್ ಹಾಕಿದಾಗ ಮೊದಲು ಕಂಪ್ಯೂಟರ್ ಸರಿಯಾಗೇ ಶುರು ಆಗತ್ತೆ, ಐದೋ ಹತ್ತೋ ನಿಮಿಷ ಆದ್ಮೇಲೆ ಪಟ್ ಅಂತ ಶಬ್ದ, ಆಮೇಲೆ ರೂಮ್ ತುಂಬ ದಟ್ಟ ಹೊಗೆ, ಆ ಕಮಟು ವಾಸನೆ ಪರದೆಗಳಿಂದ ಎರಡು ದಿನ ಹೋಗಲ್ಲ. ನಂಗೆ ಇದು ಒಂದ್ಸಲ ಆಗಿದೆ, ಕೆಟ್ಟ ಮೇಲೆ ಬುದ್ಧಿ ಬಂತು ಅಟ್ಟ ಮೇಲೆ ಒಲೆ ಉರೀತು ಅನ್ನೋ ಹಾಗೆ ಅವತ್ತಿಂದ ಯಾವ ಸಪ್ಲೈ ಬಂದ್ರೂ ಮೊದಲು ಆ ಕೆಪ್ಯಾಸಿಟರ್ ತೆಗೆದು, ಮೇನ್ ಕರೆಂಟಿಗೆ ಹಾಕೋಕೆ ಅಂತಲೇ ಮಾಡಿರೋ, ಎಕ್ಸ್2 ಅಂತ ಗುರುತಿರೋ ಹೊಸದು ಹಾಕ್ತೀನಿ.

ಇನ್ನೊಂದಿದೆ, ಇದು ನಿಮ್ಮ ಬರಹದ ಎರಡನೇ ಅರ್ಧಕ್ಕೆ, ಅಂದ್ರೆ ಆನ್ ಆಗದಿದ್ರೆ ಗುಜರಿಗೆ ಹಾಕಿ ಅನ್ನೋದಕ್ಕೆ ಉತ್ತರ. ಐಬಿಎಂ ಪಿಸಿ, ಅದರ ಮುಂದಿನ ಮಾದರಿ ಎಕ್ಸ್‌ಟಿ ಕಾಲದ ಬೋರ್ಡುಗಳಲ್ಲಿ ಮಳೆಹನಿ ಆಕಾರದ ಟ್ಯಾಂಟಲಂ ಕೆಪ್ಯಾಸಿಟರ್ ಇರ್ತವೆ, 12 ವೋಲ್ಟಿನ ಲೈನಿನಲ್ಲಿ 16 ವೋಲ್ಟಿನದ್ದು ಹಾಕಿರ್ತಾರೆ, ಬಹಳ ಬಿಗಿ ಲೆಕ್ಕ ಅದು. ವರ್ಷಗಟ್ಟಲೆ ಸುಮ್ನಿದ್ದು ಕರೆಂಟು ಬಂದಾಗ ಅದರಲ್ಲಿ ಒಂದು ಶಾರ್ಟ್ ಆಗತ್ತೆ. ಶಾರ್ಟ್ ಆದ ಕೂಡ್ಲೇ ಎಸ್‌ಎಂಪಿಎಸ್ ತನ್ನನ್ನ ತಾನು ಕಾಪಾಡ್ಕೊಳ್ಳೋಕೆ ಶುರುವೇ ಆಗಲ್ಲ. ಫ್ಯಾನ್ ಒಂದ್ಸಲ ಕದಲಿ ನಿಲ್ಲತ್ತೆ, ಅಷ್ಟೇ. ನೋಡಿದೋರು ಪೂರ್ತಿ ಸತ್ತಿದೆ ಅಂದ್ಕೋತಾರೆ. ಮಲ್ಟಿಮೀಟರ್ ಇಟ್ಟು 12 ವೋಲ್ಟಿನ ಪಿನ್ನಿಗೂ ಗ್ರೌಂಡಿಗೂ ನಡುವೆ ಅಳೆದ್ರೆ ಹತ್ರ ಹತ್ರ ಸೊನ್ನೆ ತೋರಿಸತ್ತೆ, ಕಡಲೆಕಾಳಿನಷ್ಟು ಒಂದು ಪಾರ್ಟ್ ಬದಲಾಯಿಸಿದ್ರೆ ಮೆಶೀನ್ ಎದ್ದು ಕೂರತ್ತೆ. ಆನ್ ಆಗಲ್ಲ ಅಂತ ಎಸೆದವುಗಳಲ್ಲಿ ಇಂಥವು ಎಷ್ಟಿದ್ವೋ ಅಂತ ಯೋಚನೆ ಮಾಡಿ.

ಒಂದು ಮೆಶೀನಿನ ಕಥೆ ಪೂರ್ತಿ ಹೇಳ್ತೀನಿ, ಆಗ ನಾನ್ ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂತ ಗೊತ್ತಾಗತ್ತೆ. ಗೆಳೆಯನೊಬ್ಬ ತೀರಿಕೊಂಡ ತಂದೆಯ 386 ಕಂಪ್ಯೂಟರ್ ತಂದ. ಅದರಲ್ಲಿ ಅವರು 1991ರಿಂದ ಮೂರ್ನಾಲ್ಕು ವರ್ಷ ಬರೆದ ಪತ್ರಗಳಿದ್ವು, ಬೇರೆ ಎಲ್ಲೂ ಕಾಪಿ ಇಲ್ಲ. ಪುಣ್ಯಕ್ಕೆ ಅವನು ಪ್ಲಗ್ ಹಾಕಿರಲಿಲ್ಲ. ಮುಚ್ಚಳ ತೆಗೆದ್ರೆ ಬ್ಯಾಟರಿ ಸುತ್ತ ಅಂಗೈ ಅಗಲ ಹಸಿರು, ಕೀಬೋರ್ಡ್ ಸಾಕೆಟ್ಟಿನ ಕಾಲು ಪುಡಿ ಪುಡಿ, ಪಕ್ಕದ ಐಎಸ್‌ಎ ಸ್ಲಾಟಿನ (ಹೆಚ್ಚುವರಿ ಕಾರ್ಡ್ ಕೂರಿಸೋ ಸಂದು) ಮೊದಲ ನಾಲ್ಕೈದು ಪಿನ್ನು ಕಪ್ಪಾಗಿ ಹೋಗಿದ್ವು. ಮೊದಲು ಇಕ್ಕಳದಲ್ಲಿ ಬ್ಯಾಟರಿ ಕಾಲು ಕತ್ತರಿಸಿ ತೆಗೆದೆ. ಆಮೇಲೆ ಹಳೇ ಟೂತ್‌ಬ್ರಷ್ಷಿಗೆ ಬಿಳೀ ವಿನೆಗರ್ ಅದ್ದಿ ಮೆಲ್ಲಗೆ ಉಜ್ಜಿದೆ, ಕ್ಷಾರಕ್ಕೆ ಹುಳಿ ತಾಗಿದ್ರೆ ಸಣ್ಣಗೆ ನೊರೆ ಬರತ್ತೆ, ನೊರೆ ನಿಲ್ಲೋ ತನಕ ಉಜ್ಜಬೇಕು. ವಿನೆಗರನ್ನ ಹಾಗೇ ಬಿಟ್ರೆ ಅದೂ ತಾಮ್ರ ತಿನ್ನತ್ತೆ, ಅದಕ್ಕೇ ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ತೊಳೆದು, ಮೇಲೆ ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ, ಎರಡು ದಿನ ನೆರಳಲ್ಲಿ ಒಣಗಿಸಿದೆ.

ನಿಜವಾದ ಕೆಲಸ ಶುರು ಆಗಿದ್ದು ಆಮೇಲೆ. ಭೂತಗನ್ನಡಿ ಹಿಡ್ಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಒಂದೊಂದೇ ಗೆರೆಯನ್ನ ಈ ತುದಿಯಿಂದ ಆ ತುದಿ ತನಕ ಮಲ್ಟಿಮೀಟರಿನಲ್ಲಿ ಕೇಳ್ತಾ ಹೋಗಬೇಕು, ಕುಂಯ್ ಅಂದ್ರೆ ಗೆರೆ ಜೀವಂತ ಇದೆ, ಸದ್ದಿಲ್ಲ ಅಂದ್ರೆ ನಡುವೆ ಎಲ್ಲೋ ತಿಂದು ಹೋಗಿದೆ. ಏಳು ಗೆರೆ ಹೋಗಿದ್ವು. ಕೂದಲಿನಷ್ಟು ಸಣ್ಣ ತಂತಿ ತಗೊಂಡು ಏಳನ್ನೂ ಬೋರ್ಡಿನ ಹಿಂದೆ ಬೆಸುಗೆ ಹಾಕಿದೆ, ಕೀಬೋರ್ಡ್ ಸಾಕೆಟ್ ಹೊಸದು ಹಾಕಿದೆ, ನಾಲ್ಕು ಸಂಜೆ ಹಿಡೀತು. ಬ್ಯಾಟರಿ ಜಾಗಕ್ಕೆ ಕಾಯಿನ್ ಸೆಲ್ ಹಾಕೋರಿಗೆ ಒಂದು ಮಾತು ಹೇಳಲೇಬೇಕು. ಹಳೇ ಬ್ಯಾಟರಿ ಚಾರ್ಜ್ ಆಗೋ ಜಾತಿದು, ಬೋರ್ಡು ಅದಕ್ಕೆ ಕರೆಂಟು ಕಳಿಸ್ತಾನೇ ಇರತ್ತೆ. ಸಿಆರ್2032 ಸೆಲ್ಲನ್ನ ಹಾಗೇ ಅಲ್ಲಿಗೆ ಹಚ್ಚಿದ್ರೆ ಅದನ್ನೂ ಚಾರ್ಜ್ ಮಾಡೋಕೆ ಹೋಗತ್ತೆ, ಸೆಲ್ ಉಬ್ಬಿ ಒಡೆಯೋ ಅಪಾಯ ಇದೆ. ನಡುವೆ ಕರೆಂಟನ್ನ ಒಂದೇ ಕಡೆ ಬಿಡೋ ಒಂದು ಡಯೋಡ್ ಇರಲೇಬೇಕು. ತುಂಬಾ ಬೋರ್ಡುಗಳಲ್ಲಿ ಹೊರಗಿನ ಬ್ಯಾಟರಿಗೆ ಅಂತಲೇ ನಾಲ್ಕು ಪಿನ್ನಿನ ಜಾಗ ಇರತ್ತೆ, ಅದಿದ್ರೆ ವೈರ್ ಎಳೆದು ಸೆಲ್ಲನ್ನ ಬೋರ್ಡಿಂದ ದೂರ ಇಡೋದು ಇನ್ನೂ ಕ್ಷೇಮ, ಮುಂದೆ ಸೋರಿದ್ರೂ ಬೋರ್ಡಿಗೆ ತಾಗಲ್ಲ.

ಆಮೇಲೆ ಎಸ್‌ಎಂಪಿಎಸ್. ಇಲ್ಲಿ ಒಂದು ಎಚ್ಚರಿಕೆ ಕೊಡದೆ ಮುಂದೆ ಹೋಗೋ ಹಾಗಿಲ್ಲ, 230 ವೋಲ್ಟು ರೆಕ್ಟಿಫೈ ಆದ್ರೆ, ಅಂದ್ರೆ ಎಸಿಯಿಂದ ಡಿಸಿ ಆದ್ರೆ, ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ ಸುಮಾರು 325 ವೋಲ್ಟ್ ನಿಂತಿರತ್ತೆ, ಪ್ಲಗ್ ತೆಗೆದ್ಮೇಲೂ ಸ್ವಲ್ಪ ಹೊತ್ತು ಇರತ್ತೆ, ಗೊತ್ತಿಲ್ಲದೋರು ಸಪ್ಲೈ ಬಿಚ್ಚಬಾರದು. ಹಳೇ ಕಲರ್ ಮಾನಿಟರಿನ ಪಿಕ್ಚರ್ ಟ್ಯೂಬಿನಲ್ಲಿ 25,000 ವೋಲ್ಟಿನ ಆಸುಪಾಸು ಇರತ್ತೆ, ಅದನ್ನಂತೂ ಮುಟ್ಟಲೇಬೇಡಿ. ಸಪ್ಲೈಯನ್ನ ಬೋರ್ಡಿಗೆ ಕೊಡೋ ಮುಂಚೆ ಒಂದು ಹಳೇ ಕೆಟ್ಟ ಹಾರ್ಡ್ ಡಿಸ್ಕನ್ನ ಹೊರೆಗೆ (ಕರೆಂಟು ಎಳೆಯೋಕೆ) ಅಂತ ಕಟ್ಟಿ, 5 ವೋಲ್ಟು 12 ವೋಲ್ಟು ಸರಿಯಾಗಿ ಬರ್ತಿದೆಯಾ ಅಂತ ಅಳೆದೆ, ಯಾಕಂದ್ರೆ ಆ ಕಾಲದ ಎಷ್ಟೋ ಸಪ್ಲೈಗಳು ಹೊರೆ ಇಲ್ಲದೆ ಶುರುವೇ ಆಗಲ್ಲ. ಇನ್ನು ಬೋರ್ಡಿಗೆ ಹೋಗೋ ಪಿ8, ಪಿ9 ಅನ್ನೋ ಎರಡು ಕನೆಕ್ಟರ್, ಅವು ನೋಡೋಕೆ ಒಂದೇ ಥರ ಇರ್ತವೆ, ಅದಲು ಬದಲು ಕೂತ್ಕೊಳ್ಳತ್ತೆ ಕೂಡ. ಹಾಗೆ ಕೂರಿಸಿ ಸ್ವಿಚ್ ಹಾಕಿದ್ರೆ ಬೋರ್ಡ್ ಸುಟ್ಟು ಹೋಗತ್ತೆ. ನೆನಪಿಟ್ಕೊಳ್ಳೋದು ಸುಲಭ, ಎರಡರ ಕಪ್ಪು ವೈರುಗಳು ನಡುವೆ ಪಕ್ಕ ಪಕ್ಕ ಬರಬೇಕು. ಇಷ್ಟು ವರ್ಷ ಆದ್ರೂ ನಾನು ಪ್ರತಿ ಸಲ ಕಪ್ಪು ಪಕ್ಕ ಕಪ್ಪು ಅಂತ ಬಾಯಲ್ಲಿ ಹೇಳ್ಕೊಂಡೇ ಹಾಕೋದು.

ಐದನೇ ದಿನ ಉಸಿರು ಬಿಗಿ ಹಿಡ್ಕೊಂಡು ಸ್ವಿಚ್ ಹಾಕಿದ್ವಿ. ರ‍್ಯಾಮ್ ಎಣಿಸ್ತು, ಬೀಪ್ ಅಂತ ಒಂದೇ ಒಂದು ಚಿಕ್ಕ ಸದ್ದು, ಅದು ಎಲ್ಲ ಸರಿ ಇದೆ ಅನ್ನೋ ಸದ್ದು. ಆದ್ರೆ ಹಾರ್ಡ್ ಡಿಸ್ಕ್ ಇಲ್ಲ ಅಂತು. ಆ ಕಾಲದ ಬಯಾಸಿಗೆ ಡಿಸ್ಕನ್ನ ತಾನೇ ಗುರುತು ಹಿಡಿಯೋಕೆ ಬರಲ್ಲ, ಅದರ ಸಿಲಿಂಡರ್, ಹೆಡ್, ಸೆಕ್ಟರ್ ಅನ್ನೋ ಒಳಗಿನ ಅಳತೆಗಳ ಲೆಕ್ಕ ನಾವೇ ಕೊಡಬೇಕು, ಬ್ಯಾಟರಿ ಹೋದಾಗಲೇ ಅದೆಲ್ಲ ಮರೆತು ಹೋಗಿರತ್ತೆ. ಡಿಸ್ಕಿನ ಮೇಲಿನ ಚೀಟಿಯಲ್ಲಿ 977, 5, 17 ಅಂತ ಇತ್ತು. ಮೂರನ್ನೂ ಗುಣಿಸಿ ಸೆಕ್ಟರಿಗೆ 512 ಬೈಟಿನ ಹಾಗೆ ಲೆಕ್ಕ ಹಾಕಿದ್ರೆ ನಾಲ್ಕು ಕೋಟಿ ಇಪ್ಪತ್ತೈದು ಲಕ್ಷ ಬೈಟು, ಅಂದ್ರೆ ಸುಮಾರು 40 ಎಂಬಿ, ಇವತ್ತು ಮೊಬೈಲಿನಲ್ಲಿ ತೆಗೆಯೋ ಹತ್ತು ಫೋಟೋ ಅಷ್ಟೇ. ಅದನ್ನ ಕೊಟ್ಟು ಮತ್ತೆ ಶುರು ಮಾಡಿದ್ರೆ ಡಿಸ್ಕ್ ಸಣ್ಣಗೆ ಶಿಳ್ಳೆ ಹೊಡೆಯೋ ಹಾಗೆ ತಿರುಗೋಕೆ ಹಿಡೀತು, ಆ ಕಾಲದ ಆಪರೇಟಿಂಗ್ ಸಿಸ್ಟಮ್ ಡಾಸ್ ಬಂತು, ಪರದೆ ಮೇಲೆ ಮಂಗಳವಾರ 1-1-1980 ಅಂತ ತಾರೀಕು. ಗಡಿಯಾರ ನಿಂತು ಹೋದ ಡಾಸ್ ಮೆಶೀನ್ ಎದ್ದಾಗ ಆ ತಾರೀಕಿಂದಲೇ ಲೆಕ್ಕ ಶುರು ಮಾಡತ್ತೆ. ಗೆಳೆಯ ಕುರ್ಚಿ ಹಿಂದೆ ನಿಂತಿದ್ದೋನು ಮಾತೇ ಆಡಲಿಲ್ಲ.

ಹಳೇ ಹಾರ್ಡ್ ಡಿಸ್ಕ್ ಒಂದ್ಸಲ ತಿರುಗಿತು ಅಂದ್ರೆ ಇನ್ನೊಂದ್ಸಲ ತಿರುಗತ್ತೆ ಅನ್ನೋ ಗ್ಯಾರಂಟಿ ಇಲ್ಲ, ಅದಕ್ಕೇ ಮೊದಲ ಸಲವೇ ಒಳಗಿರೋದನ್ನೆಲ್ಲ ಹೊರಗೆ ತೆಗೀಬೇಕು, ಆಟ ಆಡಿ ನೋಡೋದು, ಹಳೇ ಪ್ರೋಗ್ರಾಂ ಓಡಿಸೋದು ಎಲ್ಲ ಆಮೇಲೆ. ಹೊರಗೆ ತೆಗೆಯೋದು ಹೇಗೆ? ಫ್ಲಾಪಿಯಲ್ಲಿ ತೆಗೀತೀವಿ ಅಂದ್ರೆ 1.44 ಎಂಬಿಯದ್ದು ಮೂವತ್ತರ ಹತ್ರ ಬೇಕು, ಸೋನಿ ಕಂಪನಿ 2011ರಲ್ಲೇ ಫ್ಲಾಪಿ ನಿಲ್ಲಿಸ್ತು, ಈಗ ಸಿಗೋದ್ರಲ್ಲಿ ಅರ್ಧ ಓದೋಕೆ ಆಗಲ್ಲ. ಎರಡು ಕಂಪ್ಯೂಟರ್ ನಡುವೆ ಸೀರಿಯಲ್ ಕೇಬಲ್ ಹಾಕಬಹುದು. ಸೆಕೆಂಡಿಗೆ 1,15,200 ಬಿಟ್ ವೇಗದಲ್ಲಿ 40 ಎಂಬಿಗೆ ಸುಮಾರು ಒಂದು ಗಂಟೆ, ಆದ್ರೆ ಆ ವೇಗ ತಡ್ಕೊಳ್ಳೋಕೆ 16 ಬೈಟಿನ ಬಫರ್ ಇರೋ 16550 ಅನ್ನೋ ಸೀರಿಯಲ್ ಪೋರ್ಟಿನ ಚಿಪ್ ಬೇಕು. ಹಳೇ 8250 ಇದ್ರೆ ನಡುವೆ ಅಕ್ಷರ ಕಳ್ಕೊಳ್ಳತ್ತೆ, ವೇಗ ಇಳಿಸಿ 9600ಕ್ಕೆ ತಂದ್ರೆ ಹನ್ನೊಂದೂವರೆ ಗಂಟೆ ಮೇಲೆ ಹಿಡಿಯತ್ತೆ. ಅಷ್ಟು ಹೊತ್ತು ಆ ಡಿಸ್ಕನ್ನ ತಿರುಗಿಸೋ ಧೈರ್ಯ ನಂಗಿಲ್ಲ.

ಅದಕ್ಕೇ ನಾನು ಯಾವಾಗಲೂ ಹೇಳೋದು, ಹಳೇ ಮೆಶೀನಿಗೆ ಮಾಡೋ ಮೊದಲನೇ ಅಪ್‌ಗ್ರೇಡ್ ನೆಟ್‌ವರ್ಕ್ ಕಾರ್ಡ್ ಆಗಿರ್ಲಿ. ತ್ರೀಕಾಮ್ 3ಸಿ509, ಇಲ್ಲಾ ನೋವೆಲ್ ಎನ್‌ಇ2000 ಥರದ ಐಎಸ್‌ಎ ಕಾರ್ಡು ಇನ್ನೂ ಸಿಗ್ತವೆ, ಡಾಸಿಗೆ ಪ್ಯಾಕೆಟ್ ಡ್ರೈವರ್ ಅಂತ ಪುಟ್ಟ ಪ್ರೋಗ್ರಾಂ ಬರತ್ತೆ, ಅದರ ಮೇಲೆ ಮೈಕೆಲ್ ಬ್ರಟ್‌ಮನ್ ಅನ್ನೋರು ಬರೆದು ಉಚಿತವಾಗಿ ಕೊಟ್ಟಿರೋ ಎಂಟಿಸಿಪಿ ಅನ್ನೋ ನೆಟ್‌ವರ್ಕ್ ಪ್ರೋಗ್ರಾಂಗಳ ಗುಂಪು ಹಾಕಿದ್ರೆ, ಅದಕ್ಕೆ ಹೊಂದೋ ಕಾರ್ಡ್ ಇದ್ದಲ್ಲಿ 1981ರ ಪಿಸಿ ಕೂಡ ಇವತ್ತಿನ ರೌಟರಿಂದ ಐಪಿ ವಿಳಾಸ ತಗೊಳ್ಳತ್ತೆ. ಇದು ನಂಗೆ ಈಗಲೂ ಪವಾಡದ ಥರ ಕಾಣತ್ತೆ, 4.77 ಮೆಗಾಹರ್ಟ್ಸ್ ಮೆಶೀನು, ಪಕ್ಕದ ಹೊಸ ಲ್ಯಾಪ್‌ಟಾಪು, ನಡುವೆ ಒಂದೇ ಕೇಬಲ್, ಎರಡೂ ಒಂದನ್ನೊಂದು ಅರ್ಥ ಮಾಡ್ಕೋತವೆ. ಕಾರಣ ಏನಂದ್ರೆ ಈಥರ್ನೆಟ್ ಮಾಡಿದೋರು ಹಳೇದನ್ನ ಕೈ ಬಿಡಲಿಲ್ಲ, ಗಿಗಾಬಿಟ್ ಸ್ವಿಚ್ಚುಗಳು ಹೆಚ್ಚಾಗಿ ಆ ಕಡೆ ಇರೋದು 10 ಮೆಗಾಬಿಟ್ ಮೆಶೀನ್ ಅಂತ ಗೊತ್ತಾದ ಕೂಡ್ಲೇ ತಾವೇ ಆ ವೇಗಕ್ಕೆ ಇಳೀತವೆ. ಆದ್ರೆ ತೀರಾ ಹೊಸ 2.5 ಗಿಗಾಬಿಟ್, 10 ಗಿಗಾಬಿಟ್ ಪೋರ್ಟುಗಳಲ್ಲಿ ಕೆಲವು 10 ಮೆಗಾಬಿಟ್ ಬಿಟ್ಟೇ ಬಿಟ್ಟಿವೆ, ಲೈಟ್ ಹತ್ತದಿದ್ರೆ ಕಾರ್ಡನ್ನ ಬೈಯೋ ಮುಂಚೆ ನಡುವೆ ಒಂದು ಹಳೇ ಸ್ವಿಚ್ ಹಾಕಿ ನೋಡಿ. ದುಂಡನೇ ಬಿಎನ್‌ಸಿ ಬಾಯಿ ಮಾತ್ರ ಇರೋ ಕಾರ್ಡ್ ಸಿಕ್ಕಿದ್ರೆ ಅದಕ್ಕೆ ಕೋ-ಆಕ್ಸಿಯಲ್ ಕೇಬಲ್, ಟಿ ಕನೆಕ್ಟರ್, ಎರಡೂ ತುದಿಗೆ 50 ಓಮ್ ಟರ್ಮಿನೇಟರ್ ಬೇಕು, ಒಂದು ಟರ್ಮಿನೇಟರ್ ಸಡಿಲ ಆದ್ರೂ ಆ ಸಾಲಿನ ಎಲ್ಲ ಮೆಶೀನಿನ ನೆಟ್‌ವರ್ಕೂ ನಿಂತು ಹೋಗತ್ತೆ.

ಗೆಳೆಯನ ತಂದೆಯ ಮೆಶೀನಿಗೆ 3ಸಿ509 ಹಾಕಿ, ಅದರ ಮೇಲೆ ಫೈಲ್ ಸಾಗಿಸೋ ಎಫ್‌ಟಿಪಿ ಸರ್ವರ್ ಓಡಿಸಿ, ಲ್ಯಾಪ್‌ಟಾಪಿಂದ ಪೂರ್ತಿ ಡಿಸ್ಕನ್ನ ಎಳ್ಕೊಂಡ್ವಿ. ಒಂದು ಫೈಲೂ ಕೈ ಕೊಡಲಿಲ್ಲ. ಆದ್ರೆ ಪತ್ರ ತೆಗೆದ್ರೆ ಪ್ರತಿ ಪದದ ಕೊನೇ ಅಕ್ಷರದ ಜಾಗದಲ್ಲಿ ವಿಚಿತ್ರ ಚಿಹ್ನೆ. ಅವನ ಮುಖ ಸಪ್ಪಗಾಯ್ತು, ಫೈಲ್ ಹಾಳಾಗಿದೆ ಅಂದ್ಕೊಂಡ. ಹಾಳಾಗಿರಲಿಲ್ಲ. ಅವನ ತಂದೆ ಬಳಸ್ತಿದ್ದಿದ್ದು ವರ್ಡ್‌ಸ್ಟಾರ್ ಅನ್ನೋ ಬರೆಯೋ ಪ್ರೋಗ್ರಾಂ, ಅದರ ಹಳೇ ಆವೃತ್ತಿಗಳು ಪದದ ಕೊನೇ ಅಕ್ಷರದಲ್ಲಿ ಎಂಟನೇ ಬಿಟ್ಟನ್ನ ಒಂದು ಮಾಡಿ ಇಡ್ತಿದ್ವು, ಸಾಲು ಎರಡೂ ಕಡೆ ಸಮ ಮಾಡೋಕೆ ಅನುಕೂಲ ಆಗ್ಲಿ ಅಂತ. ಆ ಬಿಟ್ಟನ್ನ ಸೊನ್ನೆ ಮಾಡೋ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ಓಡಿಸಿದೆ, ಪತ್ರ ಸ್ವಚ್ಛವಾಗಿ ಬಂತು. ಮೊದಲನೇದೇ ಅವನು ಹಾಸ್ಟೆಲಿನಲ್ಲಿದ್ದಾಗ ಅವನಿಗೇ ಬರೆದಿದ್ದು.

ನೆಟ್‌ವರ್ಕ್ ಮಾಡೋರಿಗೆ ಇನ್ನೊಂದು ಮಾತು. ವಿಂಡೋಸ್ 98 ಮೆಶೀನನ್ನ ನೇರ ಇಂಟರ್ನೆಟ್ಟಿಗೆ ಬಿಡಬೇಡಿ, ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ 2006ರ ಜುಲೈನಲ್ಲೇ ನಿಂತು ಹೋಗಿದೆ, ಅದರ ಬ್ರೌಸರಿಗೆ ಇವತ್ತಿನ ಎಚ್‌ಟಿಟಿಪಿಎಸ್ ಸೈಟು ಹೆಚ್ಚಾಗಿ ತೆರೆಯೋಕೂ ಬರಲ್ಲ. ಅದಕ್ಕಿಂತ ದೊಡ್ಡ ತಪ್ಪು ಒಂದನ್ನ ಜನ ಮಾಡ್ತಾರೆ. ಹಳೇ ಮೆಶೀನಿನ ಫೋಲ್ಡರ್ ಹೊಸ ಕಂಪ್ಯೂಟರಿನಲ್ಲಿ ಕಾಣಿಸ್ತಿಲ್ಲ ಅಂತ ಹೊಸದರಲ್ಲಿ ಎಸ್‌ಎಂಬಿ1 ಅನ್ನೋ ಹಳೇ ಫೈಲ್ ಹಂಚೋ ವ್ಯವಸ್ಥೆ ಆನ್ ಮಾಡ್ತಾರೆ. 2017ರ ಮೇ ತಿಂಗಳಲ್ಲಿ ಪ್ರಪಂಚ ಪೂರ್ತಿ ಹಬ್ಬಿದ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವಾನಾಕ್ರೈ ಅದೇ ಎಸ್‌ಎಂಬಿ1ರ ತೂತಿಂದ ಒಳಗೆ ಬಂದಿದ್ದು, ಅದೇ ವರ್ಷ ವಿಂಡೋಸ್ 10ರ ಹೊಸ ಆವೃತ್ತಿಯಿಂದ ಅದನ್ನ ತಾನಾಗೇ ಹಾಕೋದನ್ನ ನಿಲ್ಲಿಸಿದ್ರು. ಹಳೇದಕ್ಕೋಸ್ಕರ ಹೊಸದರ ಬಾಗಿಲು ತೆಗೆದು ಇಡೋದು ಬೇಡ. ಮನೆಯೊಳಗಿನ ಬೇರೆ ನೆಟ್‌ವರ್ಕಿನಲ್ಲಿ ಇಟ್ಟು ಎಫ್‌ಟಿಪಿಯಲ್ಲಿ ಫೈಲ್ ಸಾಗಿಸಿದ್ರೆ ಸಾಕು.

ಡೇಟಾ ಭದ್ರ ಆದ್ಮೇಲೆ ಹಾರ್ಡ್ ಡಿಸ್ಕಿಗೆ ರಜೆ ಕೊಟ್ಟು ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಹಾಕಿ. ಆ ಮೆಮೊರಿ ಕಾರ್ಡಿಗೆ ಹಳೇ ಹಾರ್ಡ್ ಡಿಸ್ಕುಗಳ ಐಡಿಇ ಭಾಷೆ ಹುಟ್ಟಿನಿಂದಲೇ ಬರತ್ತೆ, ನಡುವೆ ಬರೀ ಪಿನ್ ಹೊಂದಿಸೋ ಅಡಾಪ್ಟರ್ ಇದ್ರೆ ಆಯ್ತು. ಹಳೇ ಬಯಾಸ್ 1024 ಸಿಲಿಂಡರ್, 16 ಹೆಡ್, 63 ಸೆಕ್ಟರಿಗಿಂತ ಜಾಸ್ತಿ ಎಣಿಸಲ್ಲ, ಅಂದ್ರೆ 528 ಎಂಬಿ ದಾಟಿದ್ದು ಅದರ ಕಣ್ಣಿಗೆ ಬೀಳಲ್ಲ. ಇದಕ್ಕೆ ಎಕ್ಸ್‌ಟಿಐಡಿಇ ಯೂನಿವರ್ಸಲ್ ಬಯಾಸ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದನ್ನ ಒಂದು ಈಪ್ರಾಮಿಗೆ (ಪ್ರೋಗ್ರಾಂ ಹಿಡಿದಿಡೋ ಚಿಪ್ಪು) ಬರೆದು ನೆಟ್‌ವರ್ಕ್ ಕಾರ್ಡಿನಲ್ಲಿ ಬೂಟ್ ಚಿಪ್ಪಿಗೆ ಅಂತ ಖಾಲಿ ಇರೋ ಸಾಕೆಟ್ಟಿಗೆ ಕೂರಿಸಿದ್ರೆ ಮಿತಿ ಹೋಗತ್ತೆ, ಒಂದೇ ಕಾರ್ಡಿನಲ್ಲಿ ಎರಡು ಕೆಲಸ. ಫ್ಲಾಪಿ ಬದಲು ಯುಎಸ್‌ಬಿ ಡ್ರೈವಲ್ಲಿ ಇಮೇಜ್ ಇಡೋ ಗೋಟೆಕ್ ಕೂಡ ಚೆನ್ನಾಗಿದೆ.

ಉಳಿದ ಅಪ್‌ಗ್ರೇಡುಗಳಲ್ಲಿ ಎಷ್ಟೋ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಪೆಂಟಿಯಂ ಮೆಶೀನಿಗೆ ರ‍್ಯಾಮ್ ಜಾಸ್ತಿ ಹಾಕಿದಷ್ಟೂ ಒಳ್ಳೇದು ಅಂತ ಜನ ತಿಳ್ಕೊಂಡಿದಾರೆ, ಆದ್ರೆ ಇಂಟೆಲ್ 430ವಿಎಕ್ಸ್, 430ಟಿಎಕ್ಸ್ ಚಿಪ್‌ಸೆಟ್ ಮೊದಲ 64 ಎಂಬಿಗೆ ಮಾತ್ರ ಕ್ಯಾಶ್ (ವೇಗ ಹೆಚ್ಚಿಸೋ ಪುಟ್ಟ ಮೆಮೊರಿ) ಕೊಡತ್ತೆ, 128 ಹಾಕಿದ್ರೆ ವಿಂಡೋಸ್ 98 ಮುಂಚಿಗಿಂತ ನಿಧಾನ ಆಗಬಹುದು. ವಿಂಡೋಸ್ 98ಕ್ಕೆ 512 ಎಂಬಿ ದಾಟಿಸಿದ್ರೆ ಬೂಟ್ ಆಗೋದೇ ಕಷ್ಟ. ಮೊದಲ ಐಬಿಎಂ ಪಿಸಿಯ 8088 ಪ್ರೊಸೆಸರ್ ತೆಗೆದು ಅದೇ ಸಾಕೆಟ್ಟಿಗೆ ಎನ್‌ಇಸಿ ವಿ20 ಹಾಕೋದು ಮಾತ್ರ ನಂಗೆ ಇಷ್ಟ, ಸ್ವಲ್ಪ ವೇಗ ಸಿಗತ್ತೆ, ಬೇಡ ಅಂದ್ರೆ ಹಳೇದನ್ನ ವಾಪಸ್ ಹಾಕಬಹುದು. ವಾಪಸ್ ಹಾಕೋಕೆ ಆಗದಿರೋ ಯಾವ ಅಪ್‌ಗ್ರೇಡೂ ಮಾಡಬಾರದು ಅನ್ನೋದು ನನ್ನ ಅಭಿಪ್ರಾಯ. ಹೊಸ ಬೋರ್ಡ್ ತೂರಿಸೋಕೆ ಹಳೇ ಕ್ಯಾಬಿನೆಟ್ ಕೊರೆಯೋದು, ಹಳದಿಯಾಗಿರೋ ಪ್ಲಾಸ್ಟಿಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡೋದು, ಇದನ್ನೆಲ್ಲ ನಾನು ಮಾಡಲ್ಲ. ಬಿಳುಪು ಎಷ್ಟೋ ಸಲ ಮತ್ತೆ ಹಳದಿಗೇ ತಿರುಗತ್ತೆ. ತೆಗೆದ ಪಾರ್ಟುಗಳನ್ನ ಒಂದು ಕವರಿಗೆ ಹಾಕಿ, ಎಲ್ಲಿಂದ ಯಾವತ್ತು ತೆಗೆದಿದ್ದು ಅಂತ ಚೀಟಿ ಬರೆದು ಕ್ಯಾಬಿನೆಟ್ ಒಳಗೇ ಅಂಟಿಸಿ. ಮುಂದೆ ರಿಪೇರಿ ಮಾಡೋರು ನಿಮ್ಮನ್ನ ನೆನಸ್ಕೋತಾರೆ.

ಇ-ತ್ಯಾಜ್ಯದ ಬಗ್ಗೆ ನಿಮ್ಮ ಬರಹದಲ್ಲಿದ್ದ ಕಾಳಜಿ ನಂಗೂ ಇದೆ. ವಿಶ್ವಸಂಸ್ಥೆಯ ವರದಿ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು, ಅದರಲ್ಲಿ ಸರಿಯಾದ ದಾರೀಲಿ ರೀಸೈಕಲ್ ಆಗಿದ್ದು ಲೆಕ್ಕಕ್ಕೆ ಸಿಕ್ಕಿದ್ದು 22.3% ಮಾತ್ರ. ನಾಲ್ಕು ಹಳೇ 386 ಉಳಿಸಿದ್ರೆ ಆ ಬೆಟ್ಟ ಕರಗತ್ತೆ ಅಂತ ನಾನು ಹೇಳ್ತಿಲ್ಲ. ಆದ್ರೆ ಕ್ಯಾಡ್ಮಿಯಂ ಬ್ಯಾಟರಿ, ಸೀಸ ಇರೋ ಪಿಕ್ಚರ್ ಟ್ಯೂಬು ಹಾಗೇ ಗುಜರಿಗೆ ಹೋಗಿ ಯಾರೋ ಬರಿಗೈಯಲ್ಲಿ ಒಡೆಯೋ ಬದಲು, ಬ್ಯಾಟರಿ ಬೇರೆ ಮಾಡಿ ನೋಂದಾಯಿತ ರೀಸೈಕ್ಲರಿಗೆ ಕೊಡಿ ಅಂತ ಆ ಬರಹದಲ್ಲಿ ಒಂದು ಸಾಲು ಇದ್ದಿದ್ರೆ ಎಷ್ಟು ಒಳ್ಳೇದಿತ್ತು. ಕೊಡೋ ಮುಂಚೆ ರಿಪೇರಿ ಗೊತ್ತಿರೋರಿಗೆ ಒಂದು ಮಾತು ಕೇಳಿ, ಪಾರ್ಟಿಗಾದ್ರೂ ತಗೋತಾರೆ, ಇನ್ಯಾವುದೋ ಮೆಶೀನ್ ಬದುಕತ್ತೆ.

ಅದಕ್ಕೇ ಸಂಪಾದಕರೇ ನನ್ನ ಕೋರಿಕೆ ಇಷ್ಟು, ಅದೇ ಪುಟದಲ್ಲಿ ಅದೇ ಜಾಗದಲ್ಲಿ ಒಂದು ಚಿಕ್ಕ ಚೌಕಟ್ಟು ಹಾಕಿಸಿ. ಪ್ಲಗ್ ಹಾಕೋ ಮುಂಚೆ ಮುಚ್ಚಳ ತೆಗೀರಿ, ಬೋರ್ಡಿನ ಮೇಲೆ ಪೀಪಾಯಿ ಥರದ ಬ್ಯಾಟರಿ ಕಂಡ್ರೆ ಕತ್ತರಿಸಿ ತೆಗೀರಿ, ಹಸಿರು ಕಿಲುಬು ಕಂಡ್ರೆ ಗೊತ್ತಿರೋರ ಹತ್ರ ಹೋಗಿ, ಹಾರ್ಡ್ ಡಿಸ್ಕನ್ನ ಮಾತ್ರ ಯಾವ ಕಾರಣಕ್ಕೂ ಎಸೀಬೇಡಿ. ಹೋದ ವಾರದ ಬರಹ ಓದಿ ಈಗಾಗಲೇ ಕೆಳಗೆ ಇಳಿಸಿಟ್ಟಿರೋರು ಇರ್ತಾರೆ, ಅವರು ಸ್ವಿಚ್ ಹಾಕೋ ಮುಂಚೆ ಇದು ಅಚ್ಚಾಗಬೇಕು, ಆದಷ್ಟು ಬೇಗ ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಬಹುಕಾಲದ ಓದುಗ